ದವಡೆಯಲ್ಲಿ ಮೂಳೆ ಇಲ್ಲ ಅಂದಿದ್ದರು: ನನ್ನ ಎರಡು ಇಂಪ್ಲಾಂಟ್ ಹಲ್ಲುಗಳ ಅನುಭವ

ಮೇಲಿನ ದವಡೆಯ ಬಲಭಾಗದಲ್ಲಿ ಎರಡು ಇಂಪ್ಲಾಂಟ್ ಹಲ್ಲು ಹಾಕಿಸಿಕೊಂಡೆ. ಅಂದರೆ ದವಡೆಯ ಮೂಳೆಗೆ ಲೋಹದ ಸ್ಕ್ರೂ ಕೂರಿಸಿ, ಅದರ ಮೇಲೆ ಹಲ್ಲಿನ ಆಕಾರದ ಕ್ಯಾಪ್ ಹಾಕುವುದು. ಹೋದ ವಾರ ಕ್ಯಾಪ್ ಕೂರಿಸಿ ಮುಗಿಸಿದರು. ಶುರು ಮಾಡುವಾಗ ಎರಡು ಮೂರು ತಿಂಗಳ ಕೆಲಸ ಇರಬಹುದು ಅಂದುಕೊಂಡಿದ್ದೆ. ಮುಗಿಯುವ ಹೊತ್ತಿಗೆ ಒಂದೂವರೆ ವರ್ಷ ದಾಟಿತ್ತು. ದವಡೆಯಲ್ಲಿ ಸ್ಕ್ರೂ ಹಿಡಿದುಕೊಳ್ಳುವಷ್ಟು ಮೂಳೆಯೇ ಉಳಿದಿರಲಿಲ್ಲ, ಅದಕ್ಕೇ ಇಷ್ಟು ದಿನ. ಈ ದಾರಿಯಲ್ಲಿ ಹೋಗುವವರಿಗೆ ಮುಂದೇನು ಅಂತ ಮೊದಲೇ ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ. ಅದಕ್ಕೇ ಎಲ್ಲವನ್ನೂ ಬರೆಯುತ್ತಿದ್ದೇನೆ.

ನಾವು ಮಂಡ್ಯದವರು. ನನಗೆ ಈಗ ಐವತ್ತೈದು. ಆ ಎರಡು ಹಲ್ಲನ್ನು ಸುಮಾರು ಹತ್ತು ವರ್ಷದ ಹಿಂದೆ ಕೀಳಿಸಿದ್ದೆ. ಹುಳುಕಾಗಿ ಬೇರಿನವರೆಗೂ ಕೀವು ಹೋಗಿತ್ತು. ಕಿತ್ತ ಡಾಕ್ಟರು ಹತ್ತಿ ಕಚ್ಚಿಸಿ, ಮಾತ್ರೆ ಬರೆದು ಕಳಿಸಿದರು. ಖಾಲಿ ಬಿಟ್ಟರೆ ಅಲ್ಲಿನ ಮೂಳೆ ಕರಗುತ್ತದೆ ಅಂತ ಯಾರೂ ಹೇಳಲಿಲ್ಲ. ಆಮೇಲೆ ತಿಳಿದದ್ದು ಏನೆಂದರೆ, ಹಲ್ಲು ಕಿತ್ತ ಮೊದಲ ವರ್ಷದಲ್ಲೇ ಆ ಜಾಗದ ಮೂಳೆಯ ಅಗಲ ಅರ್ಧದಷ್ಟು ಇಳಿಯಬಹುದು. ಅದರಲ್ಲೂ ಜಾಸ್ತಿ ಇಳಿಯುವುದು ಮೊದಲ ಮೂರು ತಿಂಗಳಲ್ಲೇ. ಮೇಲಿನ ದವಡೆಯಲ್ಲಿ ಇನ್ನೊಂದು ತೊಂದರೆ ಇದೆ. ಹಿಂದಿನ ಹಲ್ಲುಗಳ ಮೇಲೆ ಸೈನಸ್ ಅನ್ನುವ ಗಾಳಿ ತುಂಬಿದ ಟೊಳ್ಳು ಇರುತ್ತದೆ. ಹಲ್ಲು ಹೋದ ಮೇಲೆ ಆ ಟೊಳ್ಳು ನಿಧಾನಕ್ಕೆ ಕೆಳಗೆ ಇಳಿಯುತ್ತದೆ. ಮೂಳೆ ಕೆಳಗಿನಿಂದಲೂ ಸವೆಯುತ್ತದೆ, ಮೇಲಿನಿಂದಲೂ ಸವೆಯುತ್ತದೆ.

ಇಷ್ಟು ವರ್ಷ ಎಡಗಡೆ ಮಾತ್ರ ಅಗಿದು ತಿಂದೆ. ನಗುವಾಗ ಆ ಖಾಲಿ ಜಾಗ ಕಾಣುತ್ತದೆ ಅಂತ ಸೆರಗು ಅಡ್ಡ ಹಿಡಿಯುವುದು ಅಭ್ಯಾಸವಾಗಿತ್ತು. ಆಮೇಲೆ ಎಡಗಡೆ ಹಲ್ಲುಗಳೂ ನೋಯಲು ಶುರುವಾದವು. ಮಗ ಬೆಂಗಳೂರಿನಿಂದ ಬಂದಾಗ, "ಅಮ್ಮಾ, ಇನ್ನು ಮುಂದೂಡಬೇಡ" ಅಂದ. ಆಗ ಹೊರಟೆ.

ಮೊದಲು ಹೋದ ಕಡೆ ಒಪಿಜಿ ತೆಗೆದರು. ಇಡೀ ದವಡೆಯನ್ನು ಒಂದೇ ಹಾಳೆಯಲ್ಲಿ ತೋರಿಸುವ ಎಕ್ಸ್‌ರೇ ಅದು. ಡಾಕ್ಟರು ನೋಡಿ, "ಮೂಳೆ ಇಲ್ಲ, ನಿಮಗೆ ಇಂಪ್ಲಾಂಟ್ ಆಗಲ್ಲ, ತೆಗೆದು ಹಾಕುವ ಸೆಟ್ ಮಾಡಿಸಿಕೊಳ್ಳಿ" ಅಂದರು. ಅಳು ಬಂತು. ಇನ್ನೊಂದು ಕಡೆ ಹೋದರೆ ಪೂರ್ತಿ ಉಲ್ಟಾ. "ಒಂದು ವಾರದಲ್ಲಿ ಫಿಕ್ಸ್ ಹಲ್ಲು ಕೊಡುತ್ತೇವೆ, ಒಂದಕ್ಕೆ 40,000" ಅಂದರು. ಸ್ಕ್ಯಾನ್ ಕೂಡ ಕೇಳಲಿಲ್ಲ. ಕ್ಯಾಪ್ ಸೇರಿ 40,000 ಆಗುತ್ತದಾ ಅಂತ ಕೇಳಿದೆ. ಆಗ, ಅದು ಬೇರೆ ಅಂದರು. ಈ ಎರಡೂ ಮಾತು ಕೇಳಿ ಮನೆಗೆ ಬಂದ ಮೇಲೆ ಯಾರನ್ನು ನಂಬುವುದು ಅಂತ ತಿಳಿಯದೆ ಎಷ್ಟೋ ದಿನ ಸುಮ್ನೆ ಕೂತಿದ್ದೆ.

ಅತ್ತಿಗೆಯೊಬ್ಬರು ಮೈಸೂರಿನ ಸರಸ್ವತೀಪುರಂನ ಒಂದು ಕ್ಲಿನಿಕ್ ಹೇಳಿದರು. ಅಲ್ಲಿ ಬಾಯಿ ನೋಡಿದ ಡಾಕ್ಟರಮ್ಮ ಮೊದಲು ಹೇಳಿದ್ದೇ, "ಸಿಬಿಸಿಟಿ ಸ್ಕ್ಯಾನ್ ಆಗದೆ ನಾನು ಆಗುತ್ತೆ ಅಂತಲೂ ಹೇಳಲ್ಲ, ಆಗಲ್ಲ ಅಂತಲೂ ಹೇಳಲ್ಲ" ಅಂತ. ನನಗೆ ಧೈರ್ಯ ಬಂದದ್ದು ಆ ಮಾತಿನಿಂದ. ಒಪಿಜಿಯಲ್ಲಿ ಮೂಳೆಯ ಎತ್ತರ ಸುಮಾರಾಗಿ ಕಾಣುತ್ತದೆ, ದಪ್ಪ ಕಾಣುವುದಿಲ್ಲ. ಸಿಬಿಸಿಟಿಯಲ್ಲಿ ಮೂಳೆಯನ್ನು ಸೀಳಿ ನೋಡಿದ ಹಾಗೆ ಎತ್ತರ, ಅಗಲ, ಸೈನಸ್ಸಿನ ಪೊರೆ ಎಲ್ಲ ಕಾಣುತ್ತದೆ. ನನಗೆ 2,500 ರೂಪಾಯಿ ಆಯಿತು. ನಿಂತುಕೊಂಡರೆ ಯಂತ್ರ ತಲೆಯ ಸುತ್ತ ಒಂದು ಸುತ್ತು ತಿರುಗುತ್ತದೆ, ಅಷ್ಟೇ. ಸ್ಕ್ಯಾನ್ ಮಾಡಿದವರು ಫಿಲಂ ಮಾತ್ರ ಕೊಟ್ಟರೆ ಸುಮ್ಮನಾಗಬೇಡಿ. ಪೆನ್‌ಡ್ರೈವಿನಲ್ಲೋ ಸಿಡಿಯಲ್ಲೋ ಡೈಕಾಮ್ ಫೈಲ್, ಅಂದರೆ ಸ್ಕ್ಯಾನಿನ ಮೂಲ ಕಂಪ್ಯೂಟರ್ ಫೈಲ್, ಕೇಳಿ ತಗೊಳ್ಳಿ. ಬೇರೆ ಡಾಕ್ಟರ ಅಭಿಪ್ರಾಯ ಬೇಕಾದಾಗ ಅದೇ ಕೆಲಸಕ್ಕೆ ಬರುವುದು.

ಸ್ಕ್ಯಾನಿನಲ್ಲಿ ಸೈನಸ್ಸಿನ ಕೆಳಗೆ ಉಳಿದಿದ್ದ ಮೂಳೆ ಒಂದು ಕಡೆ 3 ಮಿ.ಮೀ., ಇನ್ನೊಂದು ಕಡೆ 5. ಹಾಕಬೇಕೆಂದಿದ್ದ ಸ್ಕ್ರೂ 10 ಮಿ.ಮೀ. ಉದ್ದದ್ದು. ಈಗಲೇ ಹಾಕಿದರೆ ಮರಳಲ್ಲಿ ಗೂಟ ಹೊಡೆದ ಹಾಗೆ ಅಂತ ಡಾಕ್ಟರಮ್ಮ ಹೇಳಿದರು. ಮೊದಲು ಸೈನಸ್ ಲಿಫ್ಟ್ ಮಾಡಬೇಕು. ಅಂದರೆ ವಸಡು ಬಿಡಿಸಿ, ಮೂಳೆಯ ಪಕ್ಕದಲ್ಲಿ ಚಿಕ್ಕ ಕಿಟಕಿ ತೆಗೆದು, ಸೈನಸ್ಸಿನ ಪೊರೆಯನ್ನು ಮೆಲ್ಲಗೆ ಮೇಲೆತ್ತಿ, ಕೆಳಗಿನ ಜಾಗದಲ್ಲಿ ಮೂಳೆ ಪುಡಿ ತುಂಬುವುದು. ಆ ಪುಡಿಯನ್ನು ಆಧಾರ ಮಾಡಿಕೊಂಡು ನಮ್ಮದೇ ಮೂಳೆ ಬೆಳೆಯುತ್ತದೆ. ಅದಕ್ಕೆ ಆರೇಳು ತಿಂಗಳು ಬೇಕು. ಆಮೇಲೆ ಸ್ಕ್ರೂ. ಸ್ಕ್ರೂಗೆ ಮೂಳೆ ಬೆಸೆದುಕೊಳ್ಳಲು ಮತ್ತೆ ಮೂರು ನಾಲ್ಕು ತಿಂಗಳು. ಟೈಟಾನಿಯಂ ಲೋಹಕ್ಕೆ ಮೂಳೆ ಅಂಟಿಕೊಂಡು ಬೆಳೆಯುತ್ತದೆ ಅಂತ ಕಂಡುಕೊಂಡವರು ಸ್ವೀಡನ್ನಿನ ಬ್ರೋನೆಮಾರ್ಕ್. 1965ರಲ್ಲಿ ಅವರು ಮೊದಲ ರೋಗಿಗೆ ಹಾಕಿದ ಇಂಪ್ಲಾಂಟ್ ಆ ಮನುಷ್ಯ ಬದುಕಿರುವವರೆಗೂ, ನಲವತ್ತು ವರ್ಷ, ಕೆಲಸ ಮಾಡಿತಂತೆ. ಅದನ್ನು ಕೇಳಿದ ಮೇಲೆ ಇಷ್ಟು ಕಾಯುವುದಕ್ಕೂ ಬೆಲೆ ಇದೆ ಅನ್ನಿಸಿತು.

ಪಕ್ಕದ ಹಲ್ಲುಗಳನ್ನು ಉಜ್ಜಿ ಸಣ್ಣದು ಮಾಡಿ, ಅವುಗಳ ಆಸರೆಯಲ್ಲಿ ಖಾಲಿ ಜಾಗಕ್ಕೆ ಹಲ್ಲು ಕಟ್ಟುವ ಬ್ರಿಡ್ಜ್ ದಾರಿಯನ್ನೂ ಹೇಳಿದರು. ಚೆನ್ನಾಗಿರುವ ಹಲ್ಲು ಉಜ್ಜಿಸಲು ನನಗೆ ಮನಸ್ಸಾಗಲಿಲ್ಲ. ಇಡೀ ಮೇಲಿನ ದವಡೆಯಲ್ಲೇ ಮೂಳೆ ಹೋದವರಿಗೆ ಕೆನ್ನೆ ಮೂಳೆಗೆ ಹಾಕುವ ಉದ್ದ ಇಂಪ್ಲಾಂಟ್‌ಗಳೂ ಇವೆ. ಅದು ನನ್ನ ಅನುಭವ ಅಲ್ಲ, ಹೆಚ್ಚು ಹೇಳುವುದಿಲ್ಲ.

ಇಷ್ಟಾದ ಮೇಲೆ ಮೊದಲ ಅಡ್ಡಿ ಎದುರಾಯಿತು. ನನಗೆ ಸಕ್ಕರೆ ಕಾಯಿಲೆ ಇದೆ. ಎಚ್‌ಬಿಎ1ಸಿ ಅನ್ನುವ ರಕ್ತ ಪರೀಕ್ಷೆಯಲ್ಲಿ 8.6 ಬಂತು. "7ರ ಹತ್ತಿರ ತಗೊಂಡು ಬನ್ನಿ, ಆಮೇಲೆ ಕತ್ತಿ ಮುಟ್ಟೋಣ" ಅಂದರು. ಸಕ್ಕರೆ ಜಾಸ್ತಿ ಇದ್ದರೆ ಗಾಯ ಮಾಯುವುದು ತಡ, ಸೋಂಕು ತಗಲುವ ಭಯವೂ ಹೆಚ್ಚು. ಈ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ತೋರಿಸುತ್ತದೆ. ಹಾಗಾಗಿ ಒಂದು ವಾರ ಸಿಹಿ ಬಿಟ್ಟರೆ ಇಳಿಯುವುದಿಲ್ಲ. ನಮ್ಮ ಮಂಡ್ಯದ ಡಾಕ್ಟರ ಹತ್ತಿರ ಮಾತ್ರೆ ಬದಲಾಯಿಸಿಕೊಂಡು, ದಿನಾ ಬೆಳಗ್ಗೆ ನಡೆದು, ಬೆಲ್ಲದ ಕಾಫಿ ಬಿಟ್ಟು ಅದನ್ನು 7.2ಕ್ಕೆ ಇಳಿಸಿದೆ. ಅದೇ ಸಮಯದಲ್ಲಿ ವಸಡಿನ ತಜ್ಞರು ಉಳಿದ ಹಲ್ಲುಗಳ ಬುಡ ಕ್ಲೀನ್ ಮಾಡಿದರು. ವಸಡಿನಲ್ಲಿ ಕಾಯಿಲೆ ಇಟ್ಟುಕೊಂಡು ಇಂಪ್ಲಾಂಟ್ ಹಾಕಿದರೆ ಅದರ ಸುತ್ತಲೂ ಮೂಳೆ ಕರಗಬಹುದಂತೆ. ಅದಕ್ಕೆ 6,000.

ನೀವು ತಗೊಳ್ಳುವ ಮಾತ್ರೆಗಳ ಚೀಟಿ ಪೂರ್ತಿ ತೋರಿಸಿ. ನಮ್ಮ ಅಕ್ಕನಿಗೆ ಮೂಳೆ ಸವೆತಕ್ಕೆ ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ ಇದೆ. ಈ ಜಾತಿಯ ಔಷಧ ತಗೊಳ್ಳುವವರಿಗೆ ದವಡೆಯಲ್ಲಿ ಕತ್ತಿ ಹಾಕಿದರೆ ಕೆಲವೊಮ್ಮೆ ಮೂಳೆ ಮಾಯದೇ ಉಳಿದುಬಿಡುತ್ತದೆ. ಸಂಖ್ಯೆ ಕಡಿಮೆ, ಆದರೆ ಡಾಕ್ಟರಿಗೆ ಗೊತ್ತಿರಲೇಬೇಕು. ರಕ್ತ ತೆಳುವಾಗುವ ಮಾತ್ರೆ ಇದ್ದರೆ ನೀವಾಗಿಯೇ ನಿಲ್ಲಿಸಬೇಡಿ. ಹೃದಯದ ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ. ಬೀಡಿ ಸಿಗರೇಟು ಸೇದುವವರಿಗೆ ಪುಡಿ ಹಿಡಿಯುವುದೂ ಕಷ್ಟ, ಇಂಪ್ಲಾಂಟ್ ಹಿಡಿಯುವುದೂ ಕಷ್ಟ ಅಂತ ಅಲ್ಲಿ ಎಲ್ಲರಿಗೂ ಹೇಳುತ್ತಿದ್ದರು.

ಎರಡನೆಯ ಅಡ್ಡಿ ನಾನು ಕನಸಲ್ಲೂ ನೆನೆಸದಿದ್ದದ್ದು. ಆಪರೇಷನ್‌ಗೆ ಮೊದಲು ಒಪ್ಪಿಗೆ ಪತ್ರ ಕೊಟ್ಟರು. ಎಲ್ಲ ಇಂಗ್ಲಿಷ್. ಸಹಿ ಮಾಡುವ ಮೊದಲು ಓದಿ ಹೇಳಿ ಅಂದೆ. ಅದರಲ್ಲಿ ಒಂದು ಸಾಲು, ಬಳಸುವ ಪುಡಿ ಪ್ರಾಣಿಯ ಮೂಲದ್ದಾಗಿರಬಹುದು ಅಂತ. ಯಾವ ಪ್ರಾಣಿ ಅಂತ ಕೇಳಿದೆ. ಹೆಚ್ಚಾಗಿ ಬಳಸುವುದು ಹಸುವಿನ ಮೂಳೆಯಿಂದ ಮಾಡಿದ್ದು ಅಂದರು. ಮೇಲೆ ಮುಚ್ಚುವ ತೆಳು ಹಾಳೆ ಕೂಡ ಹಸು ಅಥವಾ ಹಂದಿಯ ಮೈಯಿಂದ ತೆಗೆದ ಪ್ರೋಟೀನ್, ಅಂದರೆ ಕೊಲಾಜೆನ್‌ನಿಂದ ಮಾಡಿದ್ದಿರುತ್ತದೆ. ನನಗೆ ಕೈ ನಡುಗಿತು. ನಮ್ಮ ಮನೆಯಲ್ಲಿ ಕೊಟ್ಟಿಗೆ ಇದೆ. ಸಂಕ್ರಾಂತಿಗೆ ಹಸುಗಳಿಗೆ ಮೈ ತೊಳೆದು, ಅರಿಶಿನ ಹಚ್ಚಿ, ಕಿಚ್ಚು ಹಾಯಿಸುತ್ತೇವೆ. ಅತ್ತೆ ಇನ್ನೂ ಇದ್ದಾರೆ. ಅವರಿಗೆ ಏನಂತ ಹೇಳುವುದು?

ಡಾಕ್ಟರಮ್ಮ ಬೇಸರ ಮಾಡಿಕೊಳ್ಳಲಿಲ್ಲ. ಕೂರಿಸಿ ಹೇಳಿದರು. ಹಸುವಿನ ಮೂಳೆಯ ಪುಡಿಯನ್ನು ಜೀವಾಂಶವೆಲ್ಲ ತೆಗೆದು, ಬರೀ ಖನಿಜ ಉಳಿಸಿ ಮಾಡಿರುತ್ತಾರೆ. ಬೇಗ ಕರಗುವುದಿಲ್ಲ, ಅದರ ಮೇಲೆ ಅಧ್ಯಯನಗಳೂ ಜಾಸ್ತಿ ಆಗಿವೆ. ಅದು ಬೇಡ ಅಂದರೆ ನಮ್ಮದೇ ದವಡೆಯ ಹಿಂಭಾಗದಿಂದಲೋ ಗಲ್ಲದಿಂದಲೋ ಮೂಳೆ ಕೆರೆದು ಹಾಕಬಹುದು. ಅದು ಒಳ್ಳೆಯದೇ, ಆದರೆ ಇನ್ನೊಂದು ಗಾಯ ಆಗುತ್ತದೆ. ದಾನಿಗಳ ಮೂಳೆಯದ್ದೂ ಇದೆ. ಕೊನೆಯದು ಕಾರ್ಖಾನೆಯಲ್ಲಿ ಮಾಡಿದ ಕ್ಯಾಲ್ಶಿಯಂ ಫಾಸ್ಫೇಟ್ ಪುಡಿ, ಯಾವ ಪ್ರಾಣಿಯದೂ ಅಲ್ಲ. ನಾನು ಅದನ್ನೇ ಆರಿಸಿಕೊಂಡೆ. ಮೇಲೆ ಮುಚ್ಚಲು ಕೊಲಾಜೆನ್ ಬದಲು ಪಿಆರ್‌ಎಫ್ ಬಳಸುವುದು ಅಂತ ಆಯಿತು. ನಮ್ಮ ತೋಳಿನಿಂದ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿದರೆ ಹಳದಿ ಬಣ್ಣದ ಗಟ್ಟಿ ಪದರ ಸಿಗುತ್ತದೆ. ಅದೇ ಪಿಆರ್‌ಎಫ್. ಕಾಯುವುದು ಸ್ವಲ್ಪ ಜಾಸ್ತಿ ಆಗಬಹುದು ಅಂದರು. ಆಗಲಿ ಅಂದೆ.

ಯಾವುದು ಸರಿ ಅಂತ ನಾನು ಹೇಳುವುದಿಲ್ಲ. ಆದರೆ ನಮ್ಮ ಕಡೆ ಇದು ಎಷ್ಟು ದೊಡ್ಡ ವಿಷಯ ಅಲ್ವಾ? ಇದನ್ನು ಕನ್ನಡದಲ್ಲಿ, ಬಾಯಿಬಿಟ್ಟು, ಮೊದಲೇ ಹೇಳಬೇಕು. ಹೇಳದಿದ್ದರೆ ನೀವೇ ಕೇಳಿ. ನಿಮ್ಮ ಬಾಯೊಳಗೆ ಏನು ಹಾಕುತ್ತಾರೆ ಅಂತ ತಿಳಿಯುವ ಹಕ್ಕು ನಿಮಗಿದೆ.

ಆಪರೇಷನ್ ಶನಿವಾರ. ಸರ್ಜನ್ ಬೇರೆ ಊರಿನಿಂದ ಆ ದಿನ ಮಾತ್ರ ಬರುತ್ತಿದ್ದರು. ಇದೂ ಕೇಳಿ ಇಟ್ಟುಕೊಳ್ಳಬೇಕಾದ ವಿಷಯ. ಮಂಗಳವಾರ ರಾತ್ರಿ ರಕ್ತ ಬಂದರೆ ಯಾರಿಗೆ ಫೋನ್ ಮಾಡುವುದು ಅಂತ ಕೇಳಿ, ನಂಬರ್ ಬರೆಸಿಕೊಂಡೆ. ಪ್ರಜ್ಞೆ ತಪ್ಪಿಸಲಿಲ್ಲ, ಮರಗಟ್ಟುವ ಇಂಜೆಕ್ಷನ್ ಅಷ್ಟೇ. ನೋವು ಗೊತ್ತಾಗಲಿಲ್ಲ. ಆದರೆ ಮೂಳೆ ಕೊರೆಯುವ ಸದ್ದು ತಲೆಯೊಳಗೇ ಕೇಳುತ್ತಿತ್ತು. ಅದು ನನಗೆ ತುಂಬಾ ಕಷ್ಟವಾಯಿತು. ನಡುವೆ ಸರ್ಜನ್ ಸುಮ್ಮನಾದರು. ಸೈನಸ್ ಪೊರೆ ಒಂದು ಕಡೆ ಚಿಕ್ಕದಾಗಿ ಹರಿದಿತ್ತು. ಈ ಆಪರೇಷನ್‌ನಲ್ಲಿ ಹೀಗಾಗುವುದು ಅಪರೂಪ ಅಲ್ಲವಂತೆ. ಹರಿದ ಜಾಗಕ್ಕೆ ಪಿಆರ್‌ಎಫ್ ಪದರ ಇಟ್ಟು ಮುಚ್ಚಿ ಮುಂದುವರಿದರು. ದೊಡ್ಡದಾಗಿ ಹರಿದಿದ್ದರೆ ಹೊಲಿಗೆ ಹಾಕಿ, ಕೆಲವು ತಿಂಗಳು ಬಿಟ್ಟು ಮತ್ತೆ ಮಾಡಬೇಕಾಗುತ್ತಿತ್ತು. ಮುಗಿದ ಮೇಲೆ ಅವರೇ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅದಕ್ಕೆ ನಾನು ಅವರಿಗೆ ಋಣಿ.

ಆಮೇಲಿನ ಎರಡು ವಾರವೇ ನಿಜವಾದ ಪರೀಕ್ಷೆ. ಮೂಗಿನ ಸಿಂಬಳ ಸೀನುವಂತಿಲ್ಲ, ಬಂದದ್ದನ್ನು ಸುಮ್ನೆ ಒರೆಸಿಕೊಳ್ಳಬೇಕು. ಅಕ್ಷಿ ಬಂದರೆ ಬಾಯಿ ಅಗಲ ತೆರೆದು ಬಿಡಬೇಕು, ಮೂಗು ಬಾಯಿ ಮುಚ್ಚಿ ತಡೆದರೆ ಗಾಳಿಯ ಒತ್ತಡಕ್ಕೆ ಪುಡಿ ಜರುಗುತ್ತದೆ. ಸ್ಟ್ರಾ ಹಾಕಿ ಎಳನೀರು ಕುಡಿಯುವಂತಿಲ್ಲ. ಜೋರಾಗಿ ಉಗುಳುವಂತಿಲ್ಲ. ಬಗ್ಗಿ ಭಾರ ಎತ್ತುವಂತಿಲ್ಲ. ವಿಮಾನದ ಪ್ರಯಾಣ ಇದ್ದರೆ ಮುಂದೂಡಬೇಕು. ಒಲೆ ಊದಬಾರದು, ಬಲೂನು ಊದಬಾರದು. ಬೆಳಗ್ಗೆ ಯೋಗ ಮಾಡುವವರು ಕಪಾಲಭಾತಿ ಬಿಡಬೇಕು, ಮೂಗು ಒತ್ತಿ ಹಿಡಿಯುವ ಪ್ರಾಣಾಯಾಮವೂ ಬೇಡ. ಮತ್ತೆ ಯಾವಾಗ ಶುರು ಮಾಡಬಹುದು ಅಂತ ಡಾಕ್ಟರನ್ನೇ ಕೇಳಿ. ಇದನ್ನು ನನಗೆ ಯಾರೂ ಹೇಳಿರಲಿಲ್ಲ, ನಾನೇ ಕೇಳಿ ತಿಳಿದುಕೊಂಡೆ. ಇನ್ನು ನಮ್ಮ ಅಡುಗೆಮನೆಯ ಒಣಮೆಣಸಿನಕಾಯಿ ಒಗ್ಗರಣೆ! ಆ ಘಾಟಿಗೆ ಅಕ್ಷಿ ಬರದೇ ಇರುತ್ತದಾ? ಅಷ್ಟು ದಿನ ನಮ್ಮ ಯಜಮಾನರು ಹಿತ್ತಲಲ್ಲಿ ಸ್ಟವ್ ಇಟ್ಟು ಒಗ್ಗರಣೆ ಹಾಕಿದರು.

ಮೊದಲ ದಿನ ಮೂಗಿನಿಂದ ಸ್ವಲ್ಪ ರಕ್ತ ಬಂತು. ಕಣ್ಣಿನ ಕೆಳಗಿನವರೆಗೂ ಊತ, ಮೂರನೇ ದಿನಕ್ಕೆ ಕೆನ್ನೆ ನೀಲಿ. ಇದೆಲ್ಲ ಆಗುತ್ತದೆ, ಗಾಬರಿ ಬೇಡ. ಮೂಗಿನಿಂದ ಪುಡಿಯ ಕಾಳು ಬಂದರೆ, ಕೀವಿನ ವಾಸನೆ ಬಂದರೆ, ಜ್ವರ ಬಂದರೆ ಮಾತ್ರ ತಕ್ಷಣ ಫೋನ್ ಮಾಡಿ. ತಲೆದಿಂಬು ಎತ್ತರ ಇಟ್ಟು ಮಲಗಿದೆ. ಬಾಯಿ ಮುಕ್ಕಳಿಸುವ ಕ್ಲೋರ್‌ಹೆಕ್ಸಿಡಿನ್ ಔಷಧದಿಂದ ನಾಲಿಗೆಯ ರುಚಿ ಕೆಟ್ಟು ಹಲ್ಲು ಕಂದು ಬಣ್ಣವಾಯಿತು. ನಿಲ್ಲಿಸಿದ ಮೇಲೆ ರುಚಿ ಮರಳಿತು, ಬಣ್ಣವನ್ನು ಕ್ಲಿನಿಕ್ಕಿನಲ್ಲಿ ತೆಗೆದರು. ಊಟಕ್ಕೆ ಮಾತ್ರ ನಮ್ಮ ಕಡೆಯವರು ಪುಣ್ಯವಂತರು. ಮುದ್ದೆಯನ್ನು ಅಗಿಯುವ ಹಾಗೇ ಇಲ್ಲವಲ್ಲ! ಮೊದಲೆರಡು ದಿನ ತಣ್ಣನೆ ರಾಗಿ ಗಂಜಿ, ಮೊಸರನ್ನ. ಆಮೇಲೆ ಮೆತ್ತಗಿನ ಮುದ್ದೆ, ಉಗುರು ಬೆಚ್ಚಗೆ, ಖಾರ ಕಡಿಮೆ ಮಾಡಿದ ಸೊಪ್ಪಿನ ಸಾರು. ಬಿಸಿ ಬಿಸಿಯಾಗಿ ಮಾತ್ರ ಬೇಡ.

ನಂತರ ಕಾಯುವುದು. ಏನೂ ಆಗದ ಹಾಗೆ ತಿಂಗಳುಗಳು ಹೋಗುತ್ತವೆ. ಒಳಗೆ ಮೂಳೆ ಬೆಳೆಯುತ್ತಿದೆಯೋ ಇಲ್ಲವೋ ಕಾಣುವುದಿಲ್ಲ. ಮದುವೆಗಳಿಗೆ ಹೋದರೆ, "ಇನ್ನೂ ಹಲ್ಲು ಬರಲಿಲ್ವಾ ಅಕ್ಕ, ದುಡ್ಡು ಹೊಡೀತಾವ್ರೆ ನಿಂಗೆ" ಅನ್ನುವವರು ಸಿಗುತ್ತಾರೆ. ಮನಸ್ಸು ಕುಗ್ಗುತ್ತದೆ. ಕ್ಲಿನಿಕ್ಕಿನಲ್ಲಿ ನನ್ನ ಜೊತೆ ಕಾಯುತ್ತಿದ್ದ ಒಬ್ಬರು ಬೇಸತ್ತು ಅರ್ಧಕ್ಕೇ ಬಿಟ್ಟುಹೋದರು.

ಮಂಡ್ಯದಿಂದ ಮೈಸೂರಿಗೆ ನಲವತ್ತೈದು ಕಿಲೋಮೀಟರ್. ಶಕ್ತಿ ಯೋಜನೆಯಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡು ಉಳಿಯಿತು. ಆದರೆ ಆಪರೇಷನ್ ದಿನ ಜೊತೆಗೊಬ್ಬರು ಇರಲಿ, ನಿಂತು ಬರುವ ಬಸ್ಸು ಬೇಡ. ದಸರಾ ವಾರದಲ್ಲಿ ಅಪಾಯಿಂಟ್‌ಮೆಂಟ್ ಇಟ್ಟುಕೊಳ್ಳಬೇಡಿ, ರಸ್ತೆಗಳನ್ನು ಮುಚ್ಚಿರುತ್ತಾರೆ.

ಆರೇಳು ತಿಂಗಳಾದ ಮೇಲೆ ಮತ್ತೆ ಸ್ಕ್ಯಾನ್. 3 ಇದ್ದ ಕಡೆ 11 ಮಿ.ಮೀ. ಕಂಡಿತು. ಪರದೆಯ ಮೇಲೆ ಅದನ್ನು ನೋಡಿ ನನಗೆ ಕಣ್ಣಲ್ಲಿ ನೀರು. ಎರಡು ಸ್ಕ್ರೂ ಹಾಕಿದರು. ಇದು ಮೊದಲ ಆಪರೇಷನ್‌ಗಿಂತ ಎಷ್ಟೋ ಸಲೀಸು. ಒಂದು ಗಟ್ಟಿಯಾಗಿ ಕೂತಿತು. ಇನ್ನೊಂದು ಬೇಕಾದಷ್ಟು ಬಿಗಿ ಬರಲಿಲ್ಲ. ಹಾಗಾಗಿ ಅದರ ಮೇಲೆ ವಸಡು ಹೊಲಿದು ಮುಚ್ಚಿ, ಇನ್ನೂ ಹೆಚ್ಚು ಕಾಯೋಣ ಅಂದರು. ಇಷ್ಟೆಲ್ಲ ಆಗಿ ಕೊನೆಗೆ ಕೈ ಕೊಡುತ್ತದೇನೋ ಅಂತ ರಾತ್ರಿಗಳು ನಿದ್ದೆ ಇಲ್ಲದೆ ಹೋದವು. ಐದು ತಿಂಗಳ ಹತ್ತಿರ ಬಿಟ್ಟು ತೆರೆದು, ಎಷ್ಟು ಗಟ್ಟಿ ಇದೆ ಅಂತ ಅಳೆಯುವ ಯಂತ್ರ ಹಿಡಿದರು. ಹಿಡಿದುಕೊಂಡಿತ್ತು. ಆಮೇಲಿನದು ಬೇಗ ಆಯಿತು. ವಸಡಿಗೆ ಆಕಾರ ಕೊಡುವ ಮುಚ್ಚಳ, ಅಳತೆ, ಬಣ್ಣ ನೋಡುವುದು, ಪಿಂಗಾಣಿಯಂಥ ಜಿರ್ಕೋನಿಯಾದ ಕ್ಯಾಪ್.

ಖರ್ಚು ಹೀಗಾಯಿತು. ಎರಡು ಸ್ಕ್ಯಾನ್ 5,000. ರಕ್ತ ಪರೀಕ್ಷೆಗಳು 1,400. ವಸಡು ಕ್ಲೀನಿಂಗ್ 6,000. ಸೈನಸ್ ಲಿಫ್ಟ್, ಪುಡಿ, ಪಿಆರ್‌ಎಫ್ ಸೇರಿ 38,000. ಎರಡು ಸ್ಕ್ರೂ 50,000. ಕ್ಯಾಪ್ ಎರಡಕ್ಕೆ 24,000. ಔಷಧಿ 2,000. ಒಟ್ಟು 1,26,400 ರೂಪಾಯಿ. ಅರ್ಧ ಚೀಟಿ ದುಡ್ಡು, ಅರ್ಧ ಕಬ್ಬಿನ ದುಡ್ಡು. ಒಂದೇ ಸಲ ಕಟ್ಟಬೇಕಿಲ್ಲ, ಹಂತ ಹಂತವಾಗಿ ಕಟ್ಟಿದೆ. ಶುರುವಿಗೇ ಹಾಳೆಯ ಮೇಲೆ ಯಾವುದಕ್ಕೆ ಎಷ್ಟು ಅಂತ ಬರೆಸಿಕೊಂಡಿದ್ದರಿಂದ ಜಗಳ ಬರಲಿಲ್ಲ. ಆರೋಗ್ಯ ವಿಮೆಯಲ್ಲಿ ಕೇಳಿದೆ. ಅಪಘಾತದಿಂದ ಹಲ್ಲು ಹೋದರೆ ಮಾತ್ರ, ಇದಕ್ಕೆ ಬರಲ್ಲ ಅಂದರು. ದುಡ್ಡಿನ ತೊಂದರೆ ಇರುವವರು ಮೈಸೂರಿನ ಡೆಂಟಲ್ ಕಾಲೇಜುಗಳಲ್ಲಿ ವಿಚಾರಿಸಿ. ಜೆಎಸ್‌ಎಸ್ ಇದೆ, ಫಾರೂಕಿಯಾ ಇದೆ. ಕಾಲೇಜುಗಳಲ್ಲಿ ಪಿಜಿ ಓದುವ ಡಾಕ್ಟರುಗಳು ಪ್ರೊಫೆಸರುಗಳ ಕೈಕೆಳಗೆ ಕೆಲಸ ಮಾಡುತ್ತಾರೆ. ಓಡಾಟ ಜಾಸ್ತಿ ಆಗಬಹುದು, ಅದಕ್ಕೆ ತಯಾರಿರಿ.

ಇಂಪ್ಲಾಂಟ್ ಡಬ್ಬಿಯ ಮೇಲಿನ ಸ್ಟಿಕ್ಕರ್ ಕೇಳಿ ತಗೊಂಡು ಫೈಲಿನಲ್ಲಿ ಅಂಟಿಸಿದ್ದೇನೆ. ಕಂಪನಿ, ಅಳತೆ, ಬ್ಯಾಚ್ ನಂಬರ್ ಅದರಲ್ಲಿರುತ್ತದೆ. ಹತ್ತು ವರ್ಷ ಬಿಟ್ಟು ಬೇರೆ ಊರಿನಲ್ಲಿ ಸ್ಕ್ರೂ ಸಡಿಲವಾದರೆ ಯಾವ ಕಂಪನಿಯದು ಅಂತ ಗೊತ್ತಿಲ್ಲದೆ ಡಾಕ್ಟರು ಪರದಾಡಬಾರದು. ಇಂಪ್ಲಾಂಟಿಗೆ ಹುಳುಕು ಹತ್ತುವುದಿಲ್ಲ, ಆದರೆ ಸುತ್ತಲಿನ ವಸಡು ಕೆಡಬಹುದು. ಹಲ್ಲಿನ ಸಂದಿಗೆ ಹಾಕುವ ಚಿಕ್ಕ ಬ್ರಷ್ ಕೊಟ್ಟಿದ್ದಾರೆ, ದಿನಾ ರಾತ್ರಿ ಬಳಸುತ್ತೇನೆ. ಆರು ತಿಂಗಳಿಗೊಮ್ಮೆ ತೋರಿಸಬೇಕು. ಸಕ್ಕರೆ ಮತ್ತೆ ಏರಬಾರದು.

ಈಗ ನಮ್ಮ ಯಜಮಾನರ ಕೆಳಗಿನ ದವಡೆಯ ಹಲ್ಲೊಂದು ಸೀಳಿದೆ. ಕೀಳಲೇಬೇಕು ಅಂದಿದ್ದಾರೆ. ಕಿತ್ತ ದಿನವೇ ಆ ಕುಳಿಯೊಳಗೆ ಮೂಳೆ ಪುಡಿ ತುಂಬಿ ಹೊಲಿದರೆ ಮೂಳೆ ಅಷ್ಟಾಗಿ ಇಳಿಯುವುದಿಲ್ಲ ಅಂತ ಡಾಕ್ಟರಮ್ಮ ಹೇಳಿದರು. 7,000 ಆಗುತ್ತದಂತೆ. ಪ್ರಾಣಿಯದಲ್ಲದ ಪುಡಿ ಅಂತ ಚೀಟಿಯ ಮೇಲೆ ಬರೆಸಿಕೊಂಡು ಬಂದಿದ್ದೇನೆ. ಮುಂದಿನ ಶನಿವಾರ ಬೆಳಗ್ಗೆ ಹನ್ನೊಂದಕ್ಕೆ ಅಪಾಯಿಂಟ್‌ಮೆಂಟ್.